ಚಪ್ಪಾಳೆ ಸ್ಟೆರ್ಗೊಸನ ಮಗಳು

ಸೆವಾಸ್ತಿಯ ಕೆಲಸ ಜನರ ಬಾಯಿ ಮುಚ್ಚಿಸುವುದು. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ರೋಡ್ಸ್ ದ್ವೀಪದ ಚಿಟ್ಟೆ ಕಣಿವೆಯಲ್ಲಿ, ಎರಡನೆಯ ಮರದ ಸೇತುವೆಯ ಪಕ್ಕದ ಕಲ್ಲಿನ ಮೇಲೆ ಕೂತು, ಅವಳು ತುಟಿಯ ಮೇಲೆ ಬೆರಳಿಡುತ್ತಾಳೆ. ಜರ್ಮನಿಯವರು ಒಂದು ಸಲಕ್ಕೆ ಸುಮ್ಮನಾಗುತ್ತಾರೆ. ಇಟಲಿಯವರೂ ಸುಮ್ಮನಾಗುತ್ತಾರೆ, ಆದರೆ ಮಾತನ್ನೆಲ್ಲ ಕೈಯಲ್ಲಿ ಮುಂದುವರಿಸುತ್ತಾರೆ. ತಂಟೆ ಇರುವುದು ನಮ್ಮವರದೇ. ಅಥೆನ್ಸಿನಿಂದ ಬಂದವರು "ಟಿಕೆಟ್ ತಗೊಂಡಿಲ್ವಾ ನಾವು?" ಎಂದು ಅವಳಿಗೇ ಜೋರು ಮಾಡುತ್ತಾರೆ.

ಅವರದೂ ತಪ್ಪಲ್ಲ. ಅಂಟು ಸುರಿಸುವ ಜೀತಿಯಾ ಮರಗಳ ಕಾಂಡಕ್ಕೆ ಸಾವಿರಗಟ್ಟಲೆ ಚಿಟ್ಟೆಗಳು ಕಚ್ಚಿಕೊಂಡಿರುತ್ತವೆ, ಆದರೆ ಕೂತ ಚಿಟ್ಟೆ ನೋಡಲು ಏನೂ ಅಲ್ಲ. ಕಂದುಕಪ್ಪು ರೆಕ್ಕೆ, ಮೇಲೊಂದಿಷ್ಟು ಹಳದಿ ಗೆರೆ, ಗೊತ್ತಿಲ್ಲದವರು ತೊಗಟೆ ಎಂದೇ ತಿಳಿಯುತ್ತಾರೆ. ಹಾರಿದಾಗ ಮಾತ್ರ ಒಳರೆಕ್ಕೆಯ ಕೆಂಪು ಕಾಣುತ್ತದೆ. ಆ ಕೆಂಪು ನೋಡಲೆಂದೇ ಜನ ಸಮುದ್ರ ಬಿಟ್ಟು ಬಸ್ಸು ಹತ್ತಿ ಬೆಟ್ಟಕ್ಕೆ ಬರುತ್ತಾರೆ. ಅವರ ಕಣ್ಣಿಗೆ ಅದು ಬೀಳದಂತೆ ನೋಡಿಕೊಳ್ಳುವುದಕ್ಕೆ ಪುರಸಭೆ ಸೆವಾಸ್ತಿಗೆ ಸಂಬಳ ಕೊಡುತ್ತದೆ.

ಕಾರಣವಿಲ್ಲದೆ ಅಲ್ಲ. ಹುಳವಾಗಿದ್ದಾಗ ತಿಂದು ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬೇ ಬೇಸಿಗೆ ಪೂರ್ತಿ ಅವುಗಳ ಬುತ್ತಿ. ಕಣಿವೆಯ ತಂಪಿನಲ್ಲಿ ಅಲುಗದೆ ಕೂತು ಬಿಸಿಲುಗಾಲ ಕಳೆದು, ಕೊನೆಗೆ ಜೋಡಿ ಕಟ್ಟಿ, ಮೊಟ್ಟೆಯಿಡಲು ಹೊರಟುಹೋಗುತ್ತವೆ. ಮತ್ತೆ ಮತ್ತೆ ಎಬ್ಬಿಸಿದರೆ ಬುತ್ತಿ ದಾರಿಯಲ್ಲೇ ಮುಗಿಯುತ್ತದೆ.

ಇದೇ ಸೇತುವೆಯ ಮೇಲೆ ಸೆವಾಸ್ತಿಯ ಅಪ್ಪ ಸ್ಟೆರ್ಗೊಸ್ ಅರ್ಧ ಆಯುಸ್ಸು ಚಪ್ಪಾಳೆ ತಟ್ಟಿದ.

ಅವನು ಕಲ್ಲುಕುಟಿಗ. ಬೇಸಿಗೆಯಲ್ಲಿ ಮಾತ್ರ ಸುತ್ತಿಗೆ ಮೂಲೆಗಿಟ್ಟು ಕಣಿವೆಗೆ ಬರುತ್ತಿದ್ದ. ರೊಟ್ಟಿ ಹಲಗೆಯಷ್ಟು ಅಗಲದ ಅಂಗೈಗಳು. ಬಸ್ಸಿನ ಜನ ಸೇತುವೆ ತುಂಬಿದ ಮೇಲೆ ನಡುವೆ ನಿಂತು, ತೋಳು ಮಡಚಿ, ಎಲ್ಲರನ್ನೂ ಒಮ್ಮೆ ನೋಡಿ, ಹುಬ್ಬು ಹಾರಿಸಿ ಮೂರು ಸಲ ತಟ್ಟುತ್ತಿದ್ದ. ಇಡೀ ಇಳಿಜಾರು ಕೆಂಪಾಗಿ ಮೇಲೇಳುತ್ತಿತ್ತು. ಹೆಂಗಸರು ಚೀರುತ್ತಿದ್ದರು, ಗಂಡಸರು ಟೋಪಿಗೆ ಚಿಲ್ಲರೆ ಹಾಕುತ್ತಿದ್ದರು. ಪೇಟೆಯಲ್ಲಿ ಮಾರುತ್ತಿದ್ದ ಒಂದು ಚಿತ್ರದ ಕಾರ್ಡಿನಲ್ಲಿ ಚಿಟ್ಟೆಗಳ ನಡುವೆ ಅವನ ಎರಡು ಕೈಗಳಿದ್ದವು, ಮುಖ ಬಿಟ್ಟುಹೋಗಿತ್ತು. ಆ ಕೊರಗು ಅವನಿಗೆ ಇವತ್ತಿಗೂ ಇದೆ.

ಪಾಪದ ಕೆಲಸ ಮಾಡುತ್ತಿದ್ದೇನೆಂದು ಅವನಿಗೆ ಕನಸಿನಲ್ಲೂ ಅನಿಸಿರಲಿಲ್ಲ. ಅಂಟಿನ ಮರದ ಮೇಲೆ ದಿನವಿಡೀ ಕೂತರೆ ರೆಕ್ಕೆ ಅಂಟಿಕೊಂಡುಬಿಡುತ್ತದೆ, ಆಗಾಗ ಎಬ್ಬಿಸಿ ಕೊಡವಿದರೆ ಅವಕ್ಕೇ ಒಳ್ಳೆಯದು ಎಂದು ನಮ್ಮೂರಿಗೆ ಊರೇ ನಂಬಿತ್ತು. ಬಸ್ಸು ಬಾರದ ದಿನವೂ ಸ್ಟೆರ್ಗೊಸ್ ಕಣಿವೆಗೆ ಹೋಗಿ ಪುಕ್ಕಟೆ ತಟ್ಟಿ ಬರುತ್ತಿದ್ದ. ಕೋಳಿಗೂಡು ಗುಡಿಸಿದಂತೆ ಅದೂ ಒಂದು ಆರೈಕೆ ಎಂದುಕೊಂಡಿದ್ದ.

ಆಮೇಲೆ ಯೂನಿವರ್ಸಿಟಿಯಿಂದ ಒಬ್ಬಾಕೆ ಬಂದು ಚಿಟ್ಟೆಗಳ ಸಂಖ್ಯೆ ವರ್ಷವರ್ಷ ಇಳಿಯುತ್ತಿದೆ ಎಂದು ತೋರಿಸಿದಳು. ಪುರಸಭೆ ಬೋರ್ಡು ನೆಟ್ಟಿತು. ಚಪ್ಪಾಳೆ, ಸಿಳ್ಳೆ, ಕೂಗು, ಎಲ್ಲ ಬಂದ್. ಟಿಕೆಟ್ ಕಿಟಕಿಯ ಪಾಂದೆಲಿಸ್ ಅದನ್ನು ಗಟ್ಟಿಯಾಗಿ ಓದಿ ಹೇಳಿದಾಗ ಸ್ಟೆರ್ಗೊಸ್ ಬೋರ್ಡಿನ ಮುಂದೆಯೇ ಒಂದು ತಟ್ಟು ತಟ್ಟಿದ.

"ಚಪ್ಪಾಳೆಗೆ ಸಾಯೋ ಹಾಗಿದ್ರೆ ಮದುವೆ ಮನೇಲಿ ಮೊದಲು ಗಂಡು ಸಾಯಬೇಕಿತ್ತು ಕಣಯ್ಯ" ಅಂದ. ಎಲ್ಲರೂ ನಕ್ಕರು. ಆದರೆ ಬೋರ್ಡು ನಗಲಿಲ್ಲ, ನಿಂತೇ ಇತ್ತು.

ಕೆಳಗಿನ ರಸ್ತೆಯಲ್ಲಿ ಒಂಟೆ, ಉಷ್ಟ್ರಪಕ್ಷಿ ಸಾಕಿ ಮಕ್ಕಳಿಗೆ ತೋರಿಸುವ ತೋಟವೊಂದಿದೆ. ಅಲ್ಲಿ ಹೋಗಿ ತಟ್ಟು ಎಂದು ಯಾರೋ ಸಲಹೆ ಕೊಟ್ಟರು. ಅವನು ಒಂದು ದಿನ ಹೋಗಿಯೂ ಬಂದ. "ಹಕ್ಕಿಗೆ ಹಾರೋಕೆ ಬರಲ್ಲ, ಒದೆಯೋಕೆ ಬರುತ್ತೆ" ಎಂದು ಬಂದವನು ಮತ್ತೆ ಹೋಗಲಿಲ್ಲ.

ಕಾವಲಿಗೆ ಜನ ಬೇಕಾದಾಗ ಅರ್ಜಿ ಹಾಕಿದವಳು ಸೆವಾಸ್ತಿ. ಗಂಡ ಪೇಟೆಯ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಾನೆ, ಭಾನುವಾರ ಬಂದು ಹೋಗುತ್ತಾನೆ. ಅವಳೂ ಅಲ್ಲೇ ಹಾಸಿಗೆ ಬಟ್ಟೆ ಒಗೆದು ಕೈ ಸವೆಸಿಕೊಂಡಿದ್ದಳು. ಕಣಿವೆಯಾದರೆ ಮನೆಗೆ ಹತ್ತಿರ, ಮೇಲಾಗಿ ತಂಪು. ಕಾಫಿ ಅಂಗಡಿಗೆ ಸುದ್ದಿ ಮುಟ್ಟಿದಾಗ ನಗು ರಸ್ತೆಗೆ ಕೇಳಿಸಿತು.

"ಅಪ್ಪ ಎಬ್ಬಿಸಿದ್ದನ್ನ ಮಗಳು ಮಲಗಿಸ್ತಾಳಂತೆ!"

ಅವಳು ಕೆಲಸವನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಪುರಸಭೆ ಸದಸ್ಯರೊಬ್ಬರ ಭಾವಮೈದ ಮಕ್ಕಳೆದುರು ಶೋಕಿಗೆ ಸಿಳ್ಳೆ ಹಾಕಿದಾಗ ಸಂಸಾರ ಸಮೇತ ಗೇಟಿನಾಚೆ ಕಳಿಸಿದಳು. ದಿನವಿಡೀ ಪಿಸುಮಾತಾಡಿ ಮನೆಯಲ್ಲೂ ಅವಳ ದನಿ ಇಳಿದುಹೋಯಿತು. ಬೆಟ್ಟದ ಈ ಕಡೆಯಿಂದ ಆ ಕಡೆಗೆ ಕೂಗಿ ಮಾತಾಡುವ ವಂಶ ಅವರದು. ಅಂಥ ಮನೆಯಲ್ಲಿ ಅವಳೊಬ್ಬಳು ಪಾದ್ರಿಯ ಮುಂದೆ ತಪ್ಪೊಪ್ಪಿಗೆಗೆ ಬಂದವಳಂತೆ ಮಾತಾಡುವುದು ಕೇಳಿ ಸ್ಟೆರ್ಗೊಸನಿಗೆ ರೇಗುತ್ತಿತ್ತು. "ಗಂಟಲು ಬಿಟ್ಟು ಮಾತಾಡೇ, ಮನೇಲೇನು ಚಿಟ್ಟೆ ಇದೆಯಾ?"

ಹೋದ ಚಳಿಗಾಲದಲ್ಲಿ ಅವನ ಕಣ್ಣು ಕೆಟ್ಟಿತು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿದೆ ಎಂದರು ಪೇಟೆಯ ಡಾಕ್ಟರು. ಎಡಗಣ್ಣು ಹೋಗಿಯೇ ಬಿಟ್ಟಿತ್ತು. ಬಲಗಣ್ಣಿನಲ್ಲಿ ಬೀಗದ ತೂತಿನಿಂದ ನೋಡಿದಷ್ಟು ಜಗತ್ತು ಉಳಿದಿತ್ತು, ಅದೂ ಒಳ್ಳೆಯ ಬೆಳಕಿದ್ದರೆ. ಹನಿ ಹಾಕಿದರೆ ಇರುವುದನ್ನು ಸ್ವಲ್ಪ ದಿನ ಉಳಿಸಬಹುದು, ಹೋದದ್ದು ಬರುವುದಿಲ್ಲ, ಮುಂದಿನ ಬೇಸಿಗೆಯ ಮಾತು ಹೇಳಲಾರೆ ಎಂದರು. ಜೂನಿನಲ್ಲಿ ಚಿಟ್ಟೆ ಬಂದವು ಎಂದು ತಿಳಿದ ದಿನ ಅವನು ಮಗಳ ಮುಂದೆ ಬಾಯಿಬಿಟ್ಟ.

"ಒಂದೇ ಒಂದು ಸಲ ಕಣೇ. ನಾನು ತಟ್ಟಲ್ಲ, ನೀನೇ ತಟ್ಟು. ಆ ಕೆಂಪು ಒಂದ್ಸಲ ನೋಡ್ಕೊಂಬಿಡ್ತೀನಿ. ಆಮೇಲೆ ಈ ಕಣ್ಣು ಹಾಳಾಗಿ ಹೋಗ್ಲಿ."

"ಆಗಲ್ಲಪ್ಪ."

"ಬೆಳಗ್ಗೆ ಗೇಟು ತೆಗೆಯೋಕೆ ಮುಂಚೆ ಹೋಗೋಣ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ನಿನ್ನ ಹುಟ್ಟಿಸಿದ್ದು ನಾನೋ, ಪುರಸಭೆನೋ?"

"ನೀನೇ. ಅದಕ್ಕೇ ಇಷ್ಟು ಹಟ."

ಹೇಳಿದ್ದು ಹೇಳಿಬಿಟ್ಟಳು. ಆದರೆ ಅವನು ಕೇಳಿದ್ದು ಮನೆಯಲ್ಲ, ಹೊಲವಲ್ಲ, ಎರಡು ಅಂಗೈ ಒಮ್ಮೆ ಕೂಡಿಸು ಎಂದು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ತನಗೇ ಹೇಳಿಕೊಂಡು ಅವಳು ದಿನವೂ ಸೇತುವೆಯ ಮೇಲೆ ಕೂತಳು.

ಸ್ಟೆರ್ಗೊಸ್ ಮಾತು ಬಿಡಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದ. ಅಂದಿನಿಂದ ಮಗಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಚಪ್ಪಾಳೆ ತಟ್ಟಿ ಕರೆಯತೊಡಗಿದ. ಕಾಫಿ ಬೇಕಾದರೆ ಒಂದು ತಟ್ಟು, ಕಣ್ಣಿಗೆ ಹನಿ ಹಾಕಬೇಕಾದರೆ ಎರಡು. ಅವಳು ಹಲ್ಲು ಕಚ್ಚಿ ಕಾಫಿ ತಂದು ಮುಂದಿಡುತ್ತಿದ್ದಳು.

ಆಗಸ್ಟ್ ಹದಿನೈದರ ದೇವಮಾತೆಯ ಹಬ್ಬ ಕಳೆದ ಮೂರನೇ ದಿನ ಅವನು ತನ್ನ ತಂಗಿ ಕಿರಾನ್ನಾಳನ್ನು ಕರೆದುಕೊಂಡು ಕಣಿವೆಯ ಮೇಲ್ತುದಿಯ ಮಠಕ್ಕೆ ಹೋದ. ಮೋಂಬತ್ತಿ ಹಚ್ಚಬೇಕು ಎಂದಿದ್ದ. ಕಿರಾನ್ನಾ ಒಳಗೆ ಮೊಣಕಾಲೂರಿದಾಗ ಅವನು ಹೊರಗೆ ಬಂದು, ಮೇಲಿನ ಗೇಟಿನಲ್ಲಿ ನುಸುಳಿ, ಕೋಲು ಊರಿಕೊಂಡು ಮೆಟ್ಟಿಲಿಳಿದ. ಆ ಮೆಟ್ಟಿಲುಗಳಿಗೆ ಅವನಿಗೆ ಕಣ್ಣು ಬೇಕಿರಲಿಲ್ಲ, ಅರ್ಧದಷ್ಟನ್ನು ಹಾಸಿದವನು ಅವನೇ.

ಸೆವಾಸ್ತಿ ತಲೆಯೆತ್ತಿದಾಗ ಅವನು ಸೇತುವೆಯ ನಡುವೆ, ತನ್ನ ಹಳೆಯ ಜಾಗದಲ್ಲಿ ನಿಂತಿದ್ದ. ಸುತ್ತ ಒಂದು ಬಸ್ಸಿನ ಜನ. ಕೋಲನ್ನು ಕಂಕುಳಿಗೆ ಸೇರಿಸಿ, ಎಲ್ಲರತ್ತ ಒಮ್ಮೆ ನೋಡಿ ಹುಬ್ಬು ಹಾರಿಸಿದ. ಮುಂದೇನೆಂದು ಅವಳಿಗೆ ಗೊತ್ತಿತ್ತು. ಜನರನ್ನು ತಳ್ಳಿಕೊಂಡು ಓಡಿದಳು. ಅವನ ಕೈಗಳು ಎದೆಯ ಮಟ್ಟಕ್ಕೆ ಬಂದಿದ್ದವು. ಎರಡೂ ಮಣಿಕಟ್ಟನ್ನು ಹಿಡಿದುಬಿಟ್ಟಳು.

"ಬಿಡೇ" ಅಂದ ಅವನು, ಗಟ್ಟಿಯಾಗಿ.

"ಅಪ್ಪ, ಮೆಲ್ಲಗೆ."

"ಬಿಡೇ ಅಂದ್ನಲ್ಲ! ನಾನು ಮೆಟ್ಟಿಲು ಕಟ್ಟಿದ ಕಣಿವೇಲಿ ನಿಂತು ನನಗೇ ಮೆಲ್ಲಗೆ ಅಂತೀಯಾ?"

ಅವನ ಕೈ ಈಗಲೂ ಬಲವಾಗಿತ್ತು. ಅಪ್ಪ ಮಗಳು ಸೇತುವೆಯ ಮೇಲೆ ಹಬ್ಬದ ಕುಣಿತ ಹಾಕುವವರಂತೆ ಆ ಕಡೆ ಈ ಕಡೆ ಎಳೆದಾಡಿದರು. ಇದೂ ಟಿಕೆಟ್ಟಿನಲ್ಲಿ ಸೇರಿದ ಆಟವೆಂದು ತಿಳಿದ ಒಬ್ಬಾತ ಫೋಟೋ ತೆಗೆದ. ಯಾರೋ ಕಿಸಕ್ಕೆಂದರು. ಆ ನಗು ಕೇಳಿದ್ದೇ ತಡ ಸ್ಟೆರ್ಗೊಸನ ತೋಳು ಸಡಿಲಾಯಿತು. ಅರ್ಧ ಆಯುಸ್ಸು ಅದೇ ಜಾಗದಲ್ಲಿ ಜನರ ಮೆಚ್ಚುಗೆ ಕೇಳಿಸಿಕೊಂಡವನು, ನಗು ಕೇಳಿದ್ದು ಅದೇ ಮೊದಲು. ಸೆವಾಸ್ತಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಅವನನ್ನು ಗೇಟಿನವರೆಗೆ ನಡೆಸಿಕೊಂಡು ಹೋಗಿ, ಪಾಂದೆಲಿಸನ ಕುರ್ಚಿಯಲ್ಲಿ ಕೂರಿಸಿ, ತಿರುಗಿ ತನ್ನ ಕಲ್ಲಿಗೆ ಬಂದಳು. ಮರಗಳ ಮೇಲೆ ಒಂದು ಚಿಟ್ಟೆಯೂ ಕದಲಿರಲಿಲ್ಲ. ಅವಳಿಗೆ ಆ ಹೊತ್ತು ಆ ಚಿಟ್ಟೆಗಳ ಮೇಲೂ ಸಿಟ್ಟು ಬಂತು.

ಆಮೇಲೆ ಅವನು ಚಪ್ಪಾಳೆಯನ್ನೂ ನಿಲ್ಲಿಸಿದ. ಕಾಫಿ ಕೇಳಲಿಲ್ಲ, ಇಟ್ಟರೆ ಕುಡಿದ. ಅದಕ್ಕಿಂತ ಚಪ್ಪಾಳೆಯೇ ವಾಸಿಯಾಗಿತ್ತು.

ಇವರಿಬ್ಬರ ನಡುವೆ ಉರಿಯುತ್ತಿದ್ದವಳು ಕಿರಾನ್ನಾ. ಅವಳಿಗೆ ಗೊತ್ತಿರುವುದು ಒಂದೇ ಔಷಧಿ, ಸಂತ ಫನೂರಿಯೊಸನ ಕೇಕು. ಕಳೆದದ್ದನ್ನು ತೋರಿಸಿಕೊಡುವ ಸಂತ ಅವನು. ಕೇಕಿನ ಹರಕೆ ಹೊತ್ತರೆ ಕಳೆದ ಬೀಗದ ಕೈ, ಮೇಕೆ, ಮಗಳಿಗೆ ಗಂಡು, ಯಾವುದನ್ನಾದರೂ ತೋರಿಸುತ್ತಾನೆ. ಮಾಡಿದ್ದನ್ನು ಇಗರ್ಜಿಗೆ ಒಯ್ದು, ಸಂತನ ಪಾಪಿ ತಾಯಿಯ ಆತ್ಮಕ್ಕೆ ಶಾಂತಿ ಕೋರಿ, ಎಲ್ಲರಿಗೂ ಹಂಚಬೇಕು.

"ಅವನ ತಾಯಿ ಅಷ್ಟು ಕೆಟ್ಟವಳಾದ್ರೂ ಮಗ ಅವಳ ಪರ ಬೇಡ್ಕೊಂಡ" ಎಂದು ಕಿರಾನ್ನಾ ಹಿಟ್ಟು ಜರಡಿ ಹಿಡಿಯುತ್ತ ಗೊಣಗಿದಳು. "ಇಲ್ಲೊಬ್ಬಳಿದ್ದಾಳೆ, ಅಪ್ಪನ ಕೈ ಹಿಡ್ಕೊಂಡು ಊರ ಮುಂದೆ ಕುಣಿಸಿದಳು."

"ಅತ್ತೆ, ಕಣ್ಣು ಬರಿಸೋಕೆ ಸಂತನಿಗೆ ಆಗುತ್ತಾ?"

"ಕಣ್ಣು ಬೇಡ ಕಣೇ. ಆ ಕೆಂಪು ಒಂದ್ಸಲ ತೋರಿಸಲಿ ಸಾಕು ಅಂತ ಹೇಳ್ಕೊಂಡಿದ್ದೀನಿ. ಅವನಿಗೇನು ಗಂಟು ಹೋಗುತ್ತೆ? ನಿನ್ನ ಹಾಗೆ ಅವನೇನು ಪುರಸಭೆ ನೌಕರನಾ?"

ಸೆವಾಸ್ತಿ ಅಕ್ರೋಟು ಒಡೆದು ಕೊಟ್ಟಳು. ಅವಳ ತಲೆಯೊಳಗೆ ಆಗಲೇ ಒಂದು ಯೋಚನೆ ಹೊಕ್ಕಿತ್ತು.

ಆ ವಾರ ಬಿಸಿಗಾಳಿ ಎದ್ದಿತ್ತು. ಕಾಡಿಗೆ ಬೆಂಕಿ ಬಿದ್ದೀತೆಂದು, ಗೇಟು ಮುಚ್ಚಿದ ಮೇಲೂ ಕತ್ತಲಾಗುವವರೆಗೆ ಒಬ್ಬರು ಕಣಿವೆಯಲ್ಲಿರಬೇಕೆಂದು ಅಪ್ಪಣೆಯಾಗಿತ್ತು. ಅದು ಸೆವಾಸ್ತಿಯ ಪಾಲಿಗೆ ಬಂದಿತ್ತು. ಮೊದಲ ಸಂಜೆ, ಹೊಗೆ ಕಾಣುತ್ತದೆಯೇ ಎಂದು ಬೆಟ್ಟದ ಅಂಚು ನೋಡುತ್ತ ಕೂತಿದ್ದವಳ ಮುಂದೆ, ಯಾರೂ ಕರೆಯದೆ, ಯಾರೂ ತಟ್ಟದೆ, ಒಂದು ಚಿಟ್ಟೆ ಎದ್ದಿತು. ಆಮೇಲೆ ಹತ್ತು. ಆಮೇಲೆ ಮರವೇ ಎದ್ದಂತೆ. ಸೂರ್ಯ ಮುಳುಗಿದ್ದರೂ ಆಕಾಶದಲ್ಲಿ ಬೆಳಕಿತ್ತು. ಅದರಲ್ಲಿ ಸ್ವಲ್ಪ ಹೊತ್ತು ಕೆಂಪು ಚೆನ್ನಾಗಿ ಕಂಡಿತು. ಜೋಡಿ ಕಟ್ಟುವ ಕಾಲ ಬಂದಿತ್ತು. ಹುಟ್ಟಿದಾಗಿನಿಂದ ಕಣಿವೆಯಲ್ಲೇ ಬೆಳೆದವಳು ಅದನ್ನು ಕಂಡಿರಲಿಲ್ಲ. ಕಣಿವೆ ಮುಚ್ಚುವುದು ಬಿಸಿಲಿರುವಾಗಲೇ, ಕೊನೆಯ ಬಸ್ಸಿನ ಜೊತೆ ಅಪ್ಪನೂ ಇಳಿಯುತ್ತಿದ್ದ, ಅವಳೂ ಇಳಿಯುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬುದು ಸುಳ್ಳಲ್ಲ.

ಸಂತನ ಹಬ್ಬದ ಹಿಂದಿನ ಸಂಜೆ ಊರೆಲ್ಲ ಕೇಕು ಹೊತ್ತು ಇಗರ್ಜಿಗೆ ಹೊರಟಾಗ ಅವಳು ಅಪ್ಪನ ಕುರ್ಚಿಯ ಮುಂದೆ ನಿಂತಳು. ಕೈಯಲ್ಲಿ ಅತ್ತೆ ಎಲೆಯಲ್ಲಿ ಸುತ್ತಿಕೊಟ್ಟ ಕೇಕಿನ ಚೂರಿತ್ತು.

"ಅಪ್ಪ, ಏಳು. ನನ್ನ ಜೊತೆ ಬಾ."

"ಎಲ್ಲಿಗೆ?"

"ಸೇತುವೆಗೆ. ಅವು ಹಾರ್ತವೆ. ತಾವಾಗೇ. ನಾನು ಕಣ್ಣಾರೆ ನೋಡಿದ್ದೀನಿ. ಒಂದೇ ಷರತ್ತು, ಕೈ ಎರಡೂ ಜೇಬಲ್ಲಿರಬೇಕು."

ಸ್ಟೆರ್ಗೊಸ್ ಅವಳ ದನಿ ಬಂದ ಕಡೆ ಮುಖ ತಿರುಗಿಸಿದ. "ತಾವಾಗೇ ಹಾರೋ ಹಾಗಿದ್ರೆ ನಾನು ಯಾಕೆ ಅಷ್ಟು ವರ್ಷ ಅಂಗೈ ಸವೆಸಿದೆ?" ಎಂದು ಕೇಳಿದ. ಆದರೆ ಕೋಲು ತೆಗೆದುಕೊಂಡ.

ಇಬ್ಬರೂ ಸೇತುವೆಯ ಪಕ್ಕದ ಕಲ್ಲಿನ ಮೇಲೆ ಕೂತರು. ಅವನು ಶಿಸ್ತಾಗಿ ಜೇಬಿಗೆ ಕೈ ಹಾಕಿದ್ದ. ಸೂರ್ಯ ಬೆಟ್ಟದ ಹಿಂದೆ ಸರಿದ. ಆ ದಿನ ಗಾಳಿ ಬಿದ್ದುಹೋಗಿತ್ತು, ಪಡುವಣದಲ್ಲಿ ಮಬ್ಬು ಕವಿದಿತ್ತು. ಹಿಂದಿನ ಸಂಜೆಗಳಲ್ಲಿ ಎದ್ದ ಹೊತ್ತು ಬಂತು, ಚಿಟ್ಟೆಗಳು ಅಲುಗಲಿಲ್ಲ. ಅವನ ಕಣ್ಣಿಗೆ ಬೆಳಕು ಬೇಕು, ಅವಕ್ಕೆ ಕತ್ತಲು ಬೇಕು, ಎರಡೂ ಒಟ್ಟಿಗೆ ಸಿಗುವ ಹೊತ್ತು ಬೆರಳ ಸಂದಿಯಲ್ಲಿ ಸೋರಿಹೋಗುತ್ತಿತ್ತು.

"ಬಂದವೇನೇ?"

"ಇನ್ನೂ ಇಲ್ಲಪ್ಪ. ಈಗ ಬರ್ತವೆ."

"ನನಗೆ ಎದುರಿನ ಮರ ಕಾಣೋದು ನಿಂತುಹೋಯ್ತು."

ಅವಳು ಸುತ್ತ ನೋಡಿದಳು. ಕಣಿವೆಯಲ್ಲಿ ನರಪಿಳ್ಳೆಯಿರಲಿಲ್ಲ. ಮುಂದಿನ ಬೇಸಿಗೆಗೆ ಈ ಕಣ್ಣಿರುವುದಿಲ್ಲ. ಒಂದು ತಟ್ಟು ಸಾಕು, ಅಷ್ಟಕ್ಕೆ ಯಾವ ವಂಶ ಅಳಿದುಹೋಗುತ್ತದೆ? ಬೇಲಿ, ಹೊಲ, ಗಾದೆ ಎಲ್ಲ ಮರೆತುಹೋಯಿತು. ಕೇಕಿನ ಚೂರನ್ನು ಮಡಿಲಿಗಿಟ್ಟು ಅವಳು ಎರಡೂ ಕೈ ಎತ್ತಿದಳು.

ಅವಳ ತೋಳಿನ ಬಟ್ಟೆ ಸರಿದದ್ದು ಅವನಿಗೆ ಕೇಳಿಸಿತೋ, ಸುಮ್ಮನೆ ಗೊತ್ತಾಯಿತೋ. ಜೇಬಿನಿಂದ ಕೈ ಹೊರಬಂತು. ತಡವರಿಸಿ ಅವಳ ಮಣಿಕಟ್ಟು ಹಿಡಿದ, ಮೊನ್ನೆ ಅವಳು ಹಿಡಿದ ಹಾಗೆಯೇ.

"ಬೇಡ ಕಣೇ."

"ಒಂದೇ ಒಂದು ಸಲ, ಅಪ್ಪ. ಇನ್ನೂ ಚೂರು ಬೆಳಕಿದೆ."

"ಬೇಡ ಅಂದ್ನಲ್ಲ. ಇವತ್ತು ತಟ್ಟಿಬಿಟ್ಟರೆ ನಾಳೆ ಯಾವ ಮುಖ ಇಟ್ಕೊಂಡು ಬೇರೆಯವರಿಗೆ ಸುಮ್ಮನಿರಿ ಅಂತೀಯಾ? ನಮ್ಮ ಮನೇಲಿ ಒಬ್ಬ ತಟ್ಟಿದ್ದು ಸಾಕು."

ಅವಳಿಗೆ ಅಳು ಬಂತು. ಸದ್ದು ಮಾಡದೆ ಅಳುವುದು ಅವಳಿಗೆ ಅಭ್ಯಾಸವಾಗಿತ್ತು. ಅವನು ಕೈ ಬಿಡಲಿಲ್ಲ. ಹಾಗೆಯೇ ಕೂತಿದ್ದಂತೆ ಮರಗಳು, ಮೆಟ್ಟಿಲು, ಸೇತುವೆ ಎಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿದವು. ಆಮೇಲೆ ಚಿಟ್ಟೆಗಳು ಎದ್ದವು.

ಮೊದಲು ಗೊತ್ತಾದದ್ದು ಸ್ಟೆರ್ಗೊಸನಿಗೆ. ಅವನ ಹಿಡಿತ ಬಿಗಿಯಾಯಿತು. ತೆಳುವಾದ ಒಂದು ಸದ್ದು ಕಣಿವೆಯ ಆಚೆ ತುದಿಯಿಂದ ಶುರುವಾಗಿ ಮರದಿಂದ ಮರಕ್ಕೆ ಹಬ್ಬುತ್ತ ಬಂತು, ಯಾರೋ ದೂರದಲ್ಲಿ ಹಿಟ್ಟು ಜರಡಿ ಹಿಡಿದ ಹಾಗೆ. ಅದು ತಲೆಯ ಮೇಲೆ ಬಂತು, ಸುತ್ತ ತುಂಬಿತು. ಒಂದು ರೆಕ್ಕೆ ಅವನ ಕೆನ್ನೆ ಸವರಿ ಹೋಯಿತು, ಇನ್ನೊಂದು ಕಿವಿ ಸವರಿತು.

"ಸೆವಾಸ್ತಿ" ಅಂದ ಅವನು. ಎರಡು ತಿಂಗಳ ಮೇಲೆ ಅವಳ ಹೆಸರು ಅವನ ಬಾಯಿಂದ ಬಂದಿತ್ತು, ಅದೂ ಪಿಸುಮಾತಿನಲ್ಲಿ. ಚಪ್ಪಾಳೆ ಸ್ಟೆರ್ಗೊಸ್ ಪಿಸುಗುಟ್ಟಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಇವು ಸದ್ದು ಮಾಡ್ತವಾ?"

"ಹೂಂ ಅಪ್ಪ."

"ನನಗೆ ಗೊತ್ತೇ ಇರಲಿಲ್ಲ ಕಣೇ. ತಟ್ಟೋದು, ಆಮೇಲೆ ಜನ ಕಿರುಚೋದು, ಅಷ್ಟರಲ್ಲೇ ಮುಗಿದುಹೋಗ್ತಿತ್ತು." ಮುಖ ಮೇಲೆತ್ತಿ ಕೇಳಿದ, "ಕೆಂಪಿದೆಯಾ?"

ಇದೆ ಎನ್ನಬಹುದಿತ್ತು. "ಕಾಣ್ತಿಲ್ಲಪ್ಪ. ನನಗೂ ಎಲ್ಲ ಬೂದಿಯಾಗೇ ಕಾಣ್ತಿದೆ" ಅಂದಳು.

"ಇರಲಿ ಬಿಡು. ಕೆಂಪು ಬೇಕಾದಷ್ಟು ನೋಡಿದ್ದೀನಿ. ಸುಮ್ಮನಿರು, ಕೇಳೋಣ."

ಸದ್ದು ಇಳಿದ ಮೇಲೆ ಕೇಕಿನ ಚೂರನ್ನು ಇಬ್ಬರೂ ಹಂಚಿಕೊಂಡು ತಿಂದರು. ಆಮೇಲೆ ಬ್ಯಾಟರಿ ನೆಲಕ್ಕೆ ಹಿಡಿದು, ಅವನ ತೋಳು ಹಿಡಿದು, ಮೆಟ್ಟಿಲಿಳಿಸಿಕೊಂಡು ಬಂದಳು.

ಮನೆಯಲ್ಲಿ ಕಿರಾನ್ನಾ ಇಗರ್ಜಿಯಿಂದ ಬಂದು ಉಳಿದ ಕೇಕು ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಅಣ್ಣ ಕುರ್ಚಿಯಲ್ಲಿ ಕೂರುವುದಕ್ಕೂ ಬಿಡಲಿಲ್ಲ.

"ಏನಣ್ಣ, ತೋರಿಸಿದನಾ ಸಂತ?"

"ತೋರಿಸಲಿಲ್ಲ" ಎಂದ ಸ್ಟೆರ್ಗೊಸ್. "ಕೇಳಿಸಿದ."

ಕಿರಾನ್ನಾಳಿಗೆ ಇದು ಅರ್ಥವಾಗಲಿಲ್ಲ, ಸರಿಬರಲೂ ಇಲ್ಲ. ಬೆರಳು ಮಡಚಿ ಲೆಕ್ಕ ಹಾಕಿದಳು. ಹಿಟ್ಟು, ಎಣ್ಣೆ, ಸಕ್ಕರೆ, ಕಿತ್ತಳೆ ರಸ, ದಾಲ್ಚಿನ್ನಿ, ಅಕ್ರೋಟು, ದ್ರಾಕ್ಷಿ. "ಏಳು ಸಾಮಾನು ಹಾಕಿದ್ದೆ. ಒಂಬತ್ತು ಹಾಕೋರೂ ಇದ್ದಾರೆ. ಒಂಬತ್ತು ಹಾಕಿದ್ದರೆ ಕಾಣಿಸ್ತಿತ್ತೇನೋ" ಎಂದು ಪೇಚಾಡಿದಳು.

"ಏಳೇ ಸರಿಯಾಗಿತ್ತು" ಎಂದು ಅವನು ಕೈ ಚಾಚಿದ. "ಇನ್ನೊಂದು ಚೂರು ಕೊಡು. ಸೆವಾಸ್ತೀ, ಕಾಫಿ ಇಡಮ್ಮ!"

ಬೀದಿಗೆ ಕೇಳುವಂತೆ ಕೂಗಿದ್ದ. "ಬಂದೆ ಅಪ್ಪಾ!" ಎಂದು ಅವಳೂ ಅಡುಗೆಮನೆಯಿಂದ ಅಷ್ಟೇ ಗಟ್ಟಿಯಾಗಿ ಕೂಗಿದಳು.